ಎಡತುದಿಯ ನಾಲ್ಕು ಮನೆಗಳು

ಜನವರಿ 12

ಪ್ರೀತಿಯ ಅತ್ತೆ,

ಇವತ್ತು ಬೆಳಿಗ್ಗೆ ಆಫೀಸಿನ ಲಿಫ್ಟಿನಲ್ಲಿ ಒಂದು ತಪ್ಪು ಕಂಡೆ. ನಾಲ್ಕನೇ ಮಹಡಿಯ ಗುಂಡಿಯ ಪಕ್ಕ ಬ್ರೈಲ್ ಚುಕ್ಕಿಗಳ ಪುಟ್ಟ ತಗಡೊಂದಿದೆ. ಅದನ್ನು ತಲೆಕೆಳಗಾಗಿ ಅಂಟಿಸಿದ್ದಾರೆ. ಲಿಫ್ಟು ತುಂಬಿತ್ತು, ಯಾರ ಮುಖವನ್ನೂ ನೋಡದೆ ನಿಲ್ಲಲು ಒಂದು ನೆಪ ಬೇಕಿತ್ತು, ಬೆರಳು ತಾನಾಗಿ ಆ ತಗಡಿನ ಮೇಲೆ ಹೋಯಿತು. ಚಿಕ್ಕವಳಿದ್ದಾಗ ನಿನ್ನ ಮೇಜಿನ ಕೆಳಗೆ ಕೂತು ಕಲಿತದ್ದು ಮರೆತಿಲ್ಲ ನೋಡು. ನಾಲ್ಕು ಎಂದು ಸಿಗಬೇಕಾದಲ್ಲಿ ಪ್ರಶ್ನಾರ್ಥಕ ಚಿಹ್ನೆ ಸಿಕ್ಕಿತು. ನಾನು ಕೆಲಸ ಮಾಡುವುದು ಅದೇ ಮಹಡಿಯಲ್ಲಿ. ನಗು ಬಂತು; ಅಷ್ಟು ಜನರ ನಡುವೆ ಒಬ್ಬಳೇ ನಗುವುದು ಹೇಗೆಂದು ಕೆಮ್ಮಿದೆ.

ನನ್ನ ಕೆಲಸ ಏನೆಂದು ಕೇಳಿದ್ದೆ. ಅಪ್ಪ ಬೀದಿಯವರಿಗೆಲ್ಲ ನಾನು ಯಾವುದೋ ಕರ್ನಲ್ ಸಾಹೇಬರ ಕೈಕೆಳಗಿದ್ದೇನೆ ಎಂದು ಹೇಳಿಕೊಂಡು ಬರುತ್ತಿದ್ದಾರಂತೆ. ಅವರಿಗೆ ತಿಳಿಸಿ ಹೇಳು. ಕಂಪ್ಯೂಟರಿನಲ್ಲಿ ಎಲ್ಲದಕ್ಕಿಂತ ಕೆಳಗೆ ಕುಳಿತು, ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ, ಯಾವ ಯಂತ್ರದ ಜೊತೆ ಹೇಗೆ ಮಾತಾಡಬೇಕು ಎಂದು ನೋಡಿಕೊಳ್ಳುವ ತಿರುಳಿಗೆ ಕರ್ನಲ್ ಎನ್ನುತ್ತಾರೆ. ತುಂಬಿದ ಸಂಸಾರದ ಹಿರಿಸೊಸೆಯಂತೆ. ಎಲ್ಲ ಸರಿಯಾಗಿದ್ದಾಗ ಅವಳು ಮನೆಯಲ್ಲಿದ್ದಾಳೆಂದೇ ಯಾರಿಗೂ ನೆನಪಿರುವುದಿಲ್ಲ. ಅದರಲ್ಲಿರುವ ದೋಷಗಳನ್ನೂ ಕಳ್ಳರು ನುಗ್ಗಬಹುದಾದ ತೂತುಗಳನ್ನೂ ನಮ್ಮ ತಂಡ ಹುಡುಕಿ ಮುಚ್ಚುತ್ತದೆ. ಮುಚ್ಚುವವರು ಎಂಜಿನಿಯರುಗಳು. ಸಾಹಿತ್ಯ ಓದಿದ ನಾನು ಪ್ರತಿ ತಿದ್ದುಪಡಿಯ ಜೊತೆ ಒಂದು ಟಿಪ್ಪಣಿ ಬರೆಯುತ್ತೇನೆ: ಏನು ತಪ್ಪಿತ್ತು, ಅದರಿಂದ ಯಾರಿಗೆ ಕೇಡು, ಏನು ಬದಲಾಯಿಸಿದೆವು. ಇವೆಲ್ಲ ಲೋಕಕ್ಕೆಲ್ಲ ತೆರೆದ ಇಮೇಲ್ ಅಂಚೆಗುಂಪಿಗೆ ಹೋಗುತ್ತವೆ. ಸಾವಿರಾರು ಜನ ಓದಿ, ತಪ್ಪು ಕಂಡರೆ ಮುಲಾಜಿಲ್ಲದೆ ಝಾಡಿಸುತ್ತಾರೆ. ಟಿಪ್ಪಣಿಯ ಕೆಳಗೆ ನನ್ನ ಹೆಸರಿರುವುದಿಲ್ಲ, ಎಂಜಿನಿಯರದ್ದು ಇರುತ್ತದೆ. ಅದೇ ನನ್ನ ಸುಖ.

ಈ ವಾರ ಒಂದು ತೂತು ಸಿಕ್ಕಿದೆ. ಮುಚ್ಚಿ ಎಲ್ಲರಿಗೂ ತಲುಪಿಸುವವರೆಗೆ ಅದರ ಬಗ್ಗೆ ಹೊರಗೆ ಒಂದಕ್ಷರ ಆಡುವಂತಿಲ್ಲ. ಮುಂಚೆಯೇ ಗೊತ್ತಾದರೆ ಕಳ್ಳರಿಗೆ ದಾರಿ ತೋರಿಸಿದಂತೆ. ಹಾಗಾಗಿ ಬಾಯಿಗೆ ಬೀಗ.

ನಾನು ಕಳಿಸಿದ ಹೊಸ ಸಾಸಿವೆಪಟ್ಟಿ ಕೈಗೆ ಹೊಂದಿತೇ? ಕಂಪ್ಯೂಟರಿನ ಸಾಲನ್ನು ಬೆರಳ ಕೆಳಗೆ ಚುಕ್ಕಿಯಾಗಿ ಎಬ್ಬಿಸುವ ಪಟ್ಟಿಗೆ ನೀನಿಟ್ಟ ಹೆಸರನ್ನೇ ಅಂಗಡಿಯಲ್ಲಿ ಹೇಳಿಬಿಟ್ಟೆ. ಸಾಸಿವೆ ಪಕ್ಕದ ಅಂಗಡಿಯಲ್ಲಿ ಸಿಗುತ್ತೆ ಎಂದರು.

ನಿನ್ನ
ಗುಮ್ಮಿ

•

ಜನವರಿ 16

ಗುಮ್ಮಿ,

ತಲೆಕೆಳಗಾದ ನಾಲ್ಕನ್ನು ನೆನೆದು ನಿನ್ನೆಯಿಂದ ನಗುತ್ತಿದ್ದೇನೆ. ಆದರೆ ನಿನ್ನ ಇಮೇಲ್ ಕಾಗದವನ್ನು ಎರಡು ಸಲ ಓದಿದರೂ ನೀನು ಅದನ್ನು ಯಾರಿಗೆ ಹೇಳಿದೆ ಎಂಬುದು ಸಿಗಲಿಲ್ಲ. ಹೇಳಲೇ ಇಲ್ಲ ಅಲ್ಲವೇ? ಕಂಡೂ ಹೇಳದವಳಿಗಿಂತ ಕಾಣದ ನಾನೇ ವಾಸಿ. ಮೂವತ್ತು ವರ್ಷದಿಂದ ಬ್ರೈಲ್ ಪುಸ್ತಕಗಳ ಕರಡು ತಿದ್ದುತ್ತಿದ್ದೇನೆ. ತಪ್ಪು ಸಿಕ್ಕಿತೆಂದು ಯಾರಾದರೂ ನನ್ನನ್ನು ಹೊಡೆದಿದ್ದಾರೆಯೇ? ಬೈದಿದ್ದಾರೆ, ಅದು ಬೇರೆ.

ಬಾಯಿಗೆ ಬೀಗ ಅಂದರೆ ನನಗೆ ಅರ್ಥವಾಗದೇ? ಹುಡುಗ ಯಾರು? ನಿನ್ನ ಆಫೀಸಿನವನೇ? ನಿನ್ನಪ್ಪನಿಗೆ ನಾನು ಹೇಳುವುದಿಲ್ಲ, ಅವನಿಗೆ ಹೇಳಿದರೆ ಡಂಗುರ ಹೊಡೆಸಿದಂತೆ. ನನ್ನೊಬ್ಬಳಿಗೆ ಹೇಳು ಸಾಕು.

ಹೊಸ ಪಟ್ಟಿ ಬೆಣ್ಣೆಯಂತಿದೆ. ಇಷ್ಟು ಮೆತ್ತಗಿನ ಚುಕ್ಕಿಯನ್ನು ಈ ಜನ್ಮದಲ್ಲಿ ಮುಟ್ಟಿರಲಿಲ್ಲ. ಮಕ್ಕಳ ನಿಘಂಟಿನ ಕೆಲಸ ಶುರುವಾಗಿದೆ. 'ಅ'ದಿಂದ ಹೊರಟು 'ಕ' ತಲುಪಿದ್ದೇನೆ. ಹನ್ನೊಂದು ಸಂಪುಟ. ಮುಗಿದ ದಿನ ನೀನು ಇಲ್ಲಿರಬೇಕು.

ನಿನ್ನ ಅತ್ತೆ

•

ಜನವರಿ 28

ಅತ್ತೆ,

ಹುಡುಗನೂ ಇಲ್ಲ, ಗಿಡುಗನೂ ಇಲ್ಲ. ಪಕ್ಕದ ಮೇಜಿನಲ್ಲಿ ಒಬ್ಬರಿದ್ದಾರೆ, ಗೊಣಗಣ್ಣ ಎಂದು ನಾನು ಒಳಗೊಳಗೇ ಹೆಸರಿಟ್ಟಿದ್ದೇನೆ. ಇಡೀ ದಿನ ಪರದೆಯ ಜೊತೆ ಜಗಳವಾಡುತ್ತಾರೆ. ಅವರಿಗೆ ಇಬ್ಬರು ಮಕ್ಕಳು. ನಿನ್ನ ಆಸೆಗೆ ಎಳ್ಳುನೀರು ಬಿಡು.

ತಂಡದ ಮುಖ್ಯಸ್ಥೆಗೆ ಎಲ್ಲರೂ ಇಟ್ಟಿರುವ ಹೆಸರು ಕತ್ತರಿ ಮೇಡಂ. ಹಳೆಯ, ಯಾರೂ ನೋಡಿಕೊಳ್ಳದ ಭಾಗಗಳನ್ನು ಕರ್ನಲ್‌ನಿಂದ ಕತ್ತರಿಸಿ ಹಾಕುವುದೆಂದರೆ ಅವರಿಗೆ ಬಲು ಇಷ್ಟ. ಮೊನ್ನೆ ಸಭೆಯಲ್ಲಿ, ತೂತು ಸಿಕ್ಕ ಆ ಭಾಗವನ್ನು ತಿದ್ದುವುದರ ಬದಲು ತೆಗೆದೇಬಿಡೋಣ ಎಂದರು. "ನೆಗಡಿ ಬಂತು ಅಂತ ಮೂಗು ಕೊಯ್ದಂಗೆ," ಎಂದು ಗೊಣಗಣ್ಣ ಗೊಣಗಿದರು. ಇದನ್ನು ಈಗಲೂ ಬಳಸುವವರು ಯಾರಿಗಾದರೂ ಗೊತ್ತೇ ಎಂದು ಮೇಡಂ ಕೇಳಿದರು. ನನಗೆ ಒಬ್ಬರು ನೆನಪಾದರು, ಆದರೆ ಅವರ ಬಳಿ ಈಗ ಹೊಸದಿದೆ. ಕೈ ಅರ್ಧ ಎತ್ತಿ, ಕೂದಲು ಸರಿಮಾಡಿಕೊಂಡು ಇಳಿಸಿದೆ.

ತೆಗೆದುಹಾಕುವ ಟಿಪ್ಪಣಿಯನ್ನು ನಾನೇ ಬರೆದೆ. ಯಾರನ್ನೂ ಹೊಗಳದ ಮೇಡಂ ಕೊನೆಯ ವಾಕ್ಯವನ್ನು ಎರಡು ಸಲ ಓದಿ, "ಚೆನ್ನಾಗಿದೆ," ಎಂದರು. ಬೀಗ ತೆಗೆದ ಮೇಲೆ ನಿನಗೂ ಓದಿಸುತ್ತೇನೆ.

ಅಂದ ಹಾಗೆ, ಹಳೆಯ ಸಾಸಿವೆಪಟ್ಟಿಯನ್ನು ಏನು ಮಾಡಿದೆ?

ಗುಮ್ಮಿ

•

ಫೆಬ್ರವರಿ 1

ಗುಮ್ಮಿ,

ಹಳೆಯದು ಅಟ್ಟ ಸೇರಿತು. ಇನ್ನೇನು ಅದಕ್ಕೆ ಗುಡಿ ಕಟ್ಟಿಸಲೇ?

ನಿಘಂಟು 'ಗ' ದಾಟಿತು. 'ಗೊಣಗು' ಬಂದಾಗ ನಿನ್ನ ಪಕ್ಕದ ಮೇಜು ನೆನಪಾಯಿತು. ಬೆಳಗಿನಿಂದ ಪಟ್ಟಿಯ ಎಡತುದಿಯಲ್ಲಿ ಚುಕ್ಕಿ ಏಳುವ ನಾಲ್ಕು ಮನೆಗಳಲ್ಲಿ ಹುಚ್ಚು ಅಕ್ಷರಗಳು ವಿಪರೀತ ಬಡಬಡಿಸುತ್ತಿವೆ. ಊಟದ ಹೊತ್ತಿಗೆ ಸುಮ್ಮನಾದಾವು. ಮೂಲೆಯಲ್ಲಿ ಕೂತ ಹಳೇ ನೆಂಟರನ್ನು ಯಾರು ಮಾತಾಡಿಸುತ್ತಾರೆ?

ಲಿಫ್ಟಿನ ವಿಷಯ ಹೇಳಿದೆಯಾ?

ಅತ್ತೆ

•

ಫೆಬ್ರವರಿ 12

ಪ್ರೀತಿಯ ಅತ್ತೆ,

ಬೀಗ ತೆರೆಯಿತು! ಮೊನ್ನೆ ಕರ್ನಲ್‌ನ ಹೊಸ ಆವೃತ್ತಿ ಹೊರಬಂತು. ಹೋದ ಸಲ ಬಂದಾಗ ನಿನ್ನ ಕಂಪ್ಯೂಟರಿಗೆ ಹೊಸದು ಬಂದಾಗಲೆಲ್ಲ ತಾನೇ ಹಾಕಿಕೊಳ್ಳುವಂತೆ ಮಾಡಿಟ್ಟಿದ್ದೆನಲ್ಲ, ಅಲ್ಲಿಗೂ ಬಂದಿರುತ್ತದೆ. ಈಗ ಹೇಳುತ್ತೇನೆ ಕೇಳು, ನಿನಗೆ ಮಜಾ ಬರುತ್ತದೆ. ತೂತು ಸಿಕ್ಕಿದ್ದು ನಿನ್ನ ಹಳೆಯ ಸಾಸಿವೆಪಟ್ಟಿಯನ್ನು ಕರ್ನಲ್‌ಗೆ ಜೋಡಿಸುವ ಡ್ರೈವರ್ ಎಂಬ ತುಣುಕಿನಲ್ಲಿ.

ಅದು ಹೇಗೆಂದರೆ, 'ನಿನಗೆ ಎಷ್ಟು ಅಕ್ಷರ ಬೇಕು?' ಎಂದು ಡ್ರೈವರ್ ಪಟ್ಟಿಯನ್ನು ಕೇಳುತ್ತದೆ. ಪಟ್ಟಿ ಹೇಳಿದಷ್ಟನ್ನು ಅಳೆದು ಕೊಡುತ್ತದೆ. ತನ್ನ ಚೀಲದಲ್ಲಿರುವುದು ನಲವತ್ತೇ ಅಕ್ಷರ ಎಂದು ನೋಡಿಕೊಳ್ಳುವುದಿಲ್ಲ. ಚೀಲ ಬರಿದಾದರೆ ಪಕ್ಕದವರ ಚೀಲಕ್ಕೆ ಕೈಹಾಕಿ ಕೊಡುತ್ತದೆ. ಯಾವನಾದರೂ ಕಳ್ಳ ಪಟ್ಟಿಯ ವೇಷದ ಒಂದು ಯಂತ್ರ ಸಿಕ್ಕಿಸಿ, ನನಗೆ ನಲವತ್ತು ಸಾವಿರ ಬೇಕು ಎಂದರೆ, ಒಳಗಿರುವ ಗುಟ್ಟು, ಪಾಸ್‌ವರ್ಡು ಎಲ್ಲ ಅವನ ಕೈಗೆ. ಡ್ರೈವರ್‌ಗೆ ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಹಾಗಾಗಿ ಇಡೀ ಡ್ರೈವರನ್ನೇ ತೆಗೆದುಹಾಕಿದೆವು. ನನ್ನ ವಾಕ್ಯ ಇದು: 'ಈ ಪಟ್ಟಿ ಮಾರುಕಟ್ಟೆಯಿಂದ ಮರೆಯಾಗಿ ಬಹುಕಾಲವಾಯಿತು, ಇದನ್ನು ಬಳಸುವ ಬೆರಳುಗಳು ಈಗ ಉಳಿದಿಲ್ಲ.'

ಹೇಗಿದೆ? ಅಂಚೆಗುಂಪಿನಲ್ಲಿ ಒಬ್ಬರೂ ಝಾಡಿಸಲಿಲ್ಲ.

ಹೊಸ ಪಟ್ಟಿಯಲ್ಲೂ ಎಡತುದಿ ಬಡಬಡಿಸುತ್ತದೆಯೆಂದಿದ್ದೆ. ಅದನ್ನು ಮಾಡಿದ ಕಂಪನಿಗೆ ಬರೆಯಲೇ?

ಗುಮ್ಮಿ

•

ಫೆಬ್ರವರಿ 27

ಗುಮ್ಮಿ,

ಉತ್ತರ ತಡವಾಯಿತು. ಕೆಲಸ.

ನಿನ್ನ ವಾಕ್ಯ ಕೇಳಿದೆ. ಚೆನ್ನಾಗಿದೆ. ಒಳ್ಳೆಯ ಲಯವಿದೆ.

ಕಂಪನಿಗೆ ಬರೆಯಬೇಡ. ಎಡತುದಿ ಈಗ ಸುಮ್ಮನಿದೆ.

ಅತ್ತೆ

•

ಮಾರ್ಚ್ 4

ಅತ್ತೆ,

ನಿನ್ನೆ ಅಪ್ಪ ಫೋನ್ ಮಾಡಿದ್ದರು. ಹವಾಮಾನ, ಅಮ್ಮನ ಮಂಡಿನೋವು, ಪಕ್ಕದ ಮನೆಯವರ ನಾಯಿ ಎಲ್ಲ ಆದ ಮೇಲೆ, ಇಡುವ ಮುಂಚೆ, ನಿನ್ನತ್ತೆ ನಿಘಂಟಿನ ಕೆಲಸ ವಾಪಸ್ ಕೊಡ್ತಾಳಂತೆ ಎಂದರು. ಯಾಕೆಂದು ಕೇಳಿದರೆ, ಸುಮಾರು ಮೂರು ವಾರದಿಂದ ಅವಳ ಪಟ್ಟಿ ಸತ್ತುಬಿದ್ದಿದೆ, ಚುಕ್ಕಿ ಒತ್ತಿದ ಕಾಗದದ ಕರಡು ತರಿಸಿಕೊಂಡು ಓದುತ್ತಿದ್ದಾಳೆ, ಒಂದೊಂದು ಹಾಳೆಗೂ ಮುದ್ರಣಾಲಯದಿಂದ ಆಳು ಓಡಾಡಬೇಕು, ಅಲ್ಲಿನ ಯಜಮಾನರು ನೀವಿನ್ನು ವಿಶ್ರಾಂತಿ ತಗೊಳ್ಳಿ ಎಂದಿದ್ದಾರೆ ಎಂದರು. ಹೊಸದು ಎಲ್ಲಿ ಎಂದೆ. ಮಂಚದ ಕೆಳಗೆ, ಪೆಟ್ಟಿಗೆಯ ಅಂಟುಪಟ್ಟಿಯನ್ನು ಒಂದೇ ಸಲ ಬಿಚ್ಚಿ ಮತ್ತೆ ಮುಚ್ಚಿದ ಹಾಗಿದೆ ಎಂದರು. "ನಾನು ಹೇಳಿದೆ ಅಂತ ಹೇಳಬೇಡಮ್ಮ, ನನ್ನ ಚರ್ಮ ಸುಲೀತಾಳೆ," ಎಂದೂ ಹೇಳಿದರು. ಹೇಳಿದ್ದೇನೆ. ಕ್ಷಮಿಸುವುದಾದರೆ ಅವರನ್ನು ಮೊದಲು ಕ್ಷಮಿಸು.

ಫೋನ್ ಇಟ್ಟು ನಿನ್ನ ಕಾಗದಗಳನ್ನೆಲ್ಲ ಮತ್ತೆ ಓದಿದೆ. ಬೆಣ್ಣೆಯಂತಿದೆ ಎಂದೆ, ಬಳಸುತ್ತಿದ್ದೇನೆ ಎನ್ನಲಿಲ್ಲ. ವಾಕ್ಯ ಓದಿದೆ ಎನ್ನಲಿಲ್ಲ, ಕೇಳಿದೆ ಎಂದೆ. ಕಂಪ್ಯೂಟರಿನ ಆ ಸೀಳುಧ್ವನಿ ಅದನ್ನು ನಿನಗೆ ಓದಿ ಹೇಳಿತೇ? ಎಂಟು ವರ್ಷ ಸಾಹಿತ್ಯ ಓದಿದವಳಿಗೆ ಮನೆಯವರ ಎರಡು ಸಾಲು ಓದಲು ಬರಲಿಲ್ಲ.

ಅತ್ತೆ, ಯಾಕೆ ಹೇಳಲಿಲ್ಲ? ಕಂಪ್ಯೂಟರನ್ನು ಹಿಂದಿನ ಆವೃತ್ತಿಗೆ ಹಿಂದಿರುಗಿಸಬಹುದು. ಅಪ್ಪನಿಗೆ ಫೋನಿನಲ್ಲಿ ಹೇಳಿಕೊಟ್ಟು ಮಾಡಿಸಲೇ? ತೂತು ತೆರೆದೇ ಇರುತ್ತದೆ, ಆದರೆ ನಿನ್ನ ಮುಂದಿನ ಕೋಣೆಗೆ ಯಾವ ಕಳ್ಳ ಬರುತ್ತಾನೆ?

ಗುಮ್ಮಿ

•

ಮಾರ್ಚ್ 8

ಗುಮ್ಮಿ,

ನಿನ್ನಪ್ಪನ ಚರ್ಮ ಸುಲಿದಾಯಿತು. ಚಹಾ ಕೊಟ್ಟು ಕಳಿಸಿದ್ದೇನೆ.

ಮೊದಲ ಸಂಬಳದಲ್ಲಿ ನೀನು ಕೊಂಡು ಕಳಿಸಿದ್ದನ್ನು ನನಗೆ ಆಗುವುದಿಲ್ಲ ಎಂದು ಹೇಗೆ ಹೇಳಲಿ? ಅದರ ಚುಕ್ಕಿಗಳು ಬಹಳ ಸಭ್ಯ, ಬಾಗಿಲ ಹೊರಗೇ ನಿಂತು ಒಳಗೆ ಬರಬಹುದೇ ಎಂದು ಕೇಳುವಂಥವು. ನನ್ನ ಬೆರಳು ಮೂವತ್ತು ವರ್ಷ ಕಾಗದ ಉಜ್ಜಿ ದಡ್ಡುಗಟ್ಟಿದೆ. ಅದಕ್ಕೆ ಹಳೆಯದರಂತೆ ಗದರಿಸಿ ಹೇಳುವ ಚುಕ್ಕಿಯೇ ಬೇಕು. ಹೊಸದರಲ್ಲಿ ಒಂದು ಪುಟ ಓದಿ ನೋಡಿದೆ. ಆರು ತಪ್ಪು ಬಿಟ್ಟಿದ್ದೆ. ಆರು! ಅವತ್ತೇ ಪೆಟ್ಟಿಗೆಗೆ ಹಾಕಿದೆ. ಧ್ವನಿಯಲ್ಲಿ ಕಥೆ ಕೇಳಬಹುದು ಮಗಳೇ, ಕರಡು ತಿದ್ದಲಾಗುವುದಿಲ್ಲ. ಅದು ತಪ್ಪನ್ನೂ ಸರಾಗವಾಗಿ ಓದಿಕೊಂಡು ಹೋಗುತ್ತದೆ.

ನಿನ್ನ ಕಾಗದ ಬಂದ ದಿನ ಸ್ವಲ್ಪ ಹೊತ್ತು ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ನನ್ನ ಬೆರಳುಗಳು ಇಲ್ಲೇ ಇವೆಯಲ್ಲ ಎಂದು ಎಣಿಸಿ ನೋಡಿಕೊಂಡೆ. ಆದರೆ ಹೊಸದು ಬೆಣ್ಣೆಯಂತಿದೆ ಎಂದು ನಾನೇ ಬರೆದ ಮೇಲೆ ನೀನು ಇನ್ನೇನು ಬರೆಯುತ್ತಿದ್ದೆ?

ಹಿಂದಿನದಕ್ಕೆ ಹಿಂದಿರುಗಿಸುವ ಮಾತು ಬೇಡ. ಈ ಕಂಪ್ಯೂಟರಿನಲ್ಲಿ ಮುದ್ರಣಾಲಯದ ಪುಸ್ತಕಗಳಿವೆ, ಶಾಲೆಗಳ ಪ್ರಶ್ನೆಪತ್ರಿಕೆಗಳೂ ಇವೆ. ನನ್ನೊಬ್ಬಳ ಬೆರಳಿಗಾಗಿ ಊರ ಬಾಗಿಲು ತೆರೆದಿಡಬಾರದು. ಈ ತಿಂಗಳ ಕೊನೆಗೆ ಯಜಮಾನರಿಗೆ ಕೊನೆಯ ಮಾತು ತಿಳಿಸಬೇಕು. ನಿಘಂಟು 'ತ'ದಲ್ಲಿ ನಿಂತಿದೆ. ಬೇರೆ ಯಾರಾದರೂ ಮುಗಿಸುತ್ತಾರೆ. ಮಕ್ಕಳಿಗೆ ಪುಸ್ತಕ ಸಿಕ್ಕರೆ ಸರಿ.

ಲಿಫ್ಟಿನ ವಿಷಯ ಈಗಲಾದರೂ ಹೇಳಿದೆಯಾ?

ಅತ್ತೆ

•

ಮಾರ್ಚ್ 17

ಅತ್ತೆ,

ಹೇಳಿದೆ. ಕತ್ತರಿ ಮೇಡಂ ಕೋಣೆಗೆ ಹೋಗಬೇಕಿತ್ತು, ಅದಕ್ಕೆ ಮುಂಚೆ ಅಭ್ಯಾಸಕ್ಕಿರಲಿ ಎಂದು ಕಟ್ಟಡದ ಮೇಲ್ವಿಚಾರಕರ ಬಳಿ ಹೋಗಿ ತಗಡಿನ ವಿಷಯ ಹೇಳಿದೆ. ಅವರು ಲಿಫ್ಟಿಗೆ ಬಂದು ನನ್ನನ್ನೂ ತಗಡನ್ನೂ ನೋಡಿ, ಅದು ತಲೆಕೆಳಗು ಅಂತ ನಿಮಗೆ ಹೇಗೆ ಗೊತ್ತು ಎಂದರು. ಓದಿದೆ ಎಂದೆ. ಮಧ್ಯಾಹ್ನದ ಹೊತ್ತಿಗೆ ಕಿತ್ತಿದ್ದರು. ಇನ್ನೂ ವಾಪಸ್ ಹಾಕಿಲ್ಲ. ಸದ್ಯಕ್ಕೆ ನಮ್ಮ ಮಹಡಿಗೆ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ.

ಆಮೇಲೆ ಮೇಡಂ ಕೋಣೆ. ಬಾಗಿಲಲ್ಲಿ ನಿಂತೆ. ಅವರು ಪರದೆಯಿಂದ ಕಣ್ಣು ತೆಗೆಯದೆ ಏನಮ್ಮ ಎಂದರು.

"ಆ ಬ್ರೈಲ್ ಪಟ್ಟಿ ಡ್ರೈವರ್ ತೆಗೆದ್ವಲ್ಲ ಮೇಡಂ, ಅದನ್ನ ಬಳಸೋರು ಒಬ್ರು ಇದಾರೆ."

"ಯಾರು?"

"ನಮ್ಮತ್ತೆ."

ಕುರ್ಚಿ ನನ್ನ ಕಡೆ ತಿರುಗಿತು. "ಸಭೆಯಲ್ಲಿ ಕೇಳಿದೆನಲ್ಲ, ಆಗ ನಿಮ್ಮತ್ತೆ ಎಲ್ಲಿದ್ರು?"

ನೀನು ಹೊಸದನ್ನು ಬಳಸುತ್ತಿದ್ದೀಯೆಂದು ತಿಳಿದಿದ್ದೆ, ಅಲ್ಲದೆ ಕೈ ಎತ್ತಲು ಭಯವಾಯಿತು ಎಂದೆ. ನಿಜ ಹೇಳುವಾಗ ಧ್ವನಿ ಇಷ್ಟು ಸಣ್ಣದಾಗುತ್ತದೆಂದು ಗೊತ್ತಿರಲಿಲ್ಲ. ಬೈಯುತ್ತಾರೆಂದು ಕಾದೆ. ಅವರು ಎದುರಿನ ಕುರ್ಚಿಯ ಮೇಲಿದ್ದ ಕಾಗದಗಳನ್ನು ಎತ್ತಿಟ್ಟು ಕೂರಲು ಹೇಳಿದರು.

"ನನ್ನನ್ನ ಹಿಂದೆ ಏನಂತ ಕರೀತೀರಿ ಅಂತ ಗೊತ್ತು. ಖುಷಿಗೆ ಕತ್ತರಿಸಲ್ಲ ನಾನು. ಈ ತೂತು ಮುಚ್ಚೋಕೆ ಎರಡು ಸಾಲು ಸಾಕು. ಆದ್ರೆ ಆ ಪಟ್ಟಿ ನಮ್ಮ ಯಾರ ಹತ್ರಾನೂ ಇಲ್ಲ. ಪರೀಕ್ಷೆ ಮಾಡದೆ ತಿದ್ದಿದ್ದು ತಿದ್ದಿದ್ದೇ ಅಲ್ಲ. ನಾಳೆ ಇನ್ನೊಂದು ತೂತು ಬಂದ್ರೆ ಯಾರನ್ನ ಕರೀಲಿ? ಪಾಲಕರು ಅಂತ ಒಂದು ಹೆಸರಿಲ್ಲದೆ ಯಾವುದನ್ನೂ ವಾಪಸ್ ಸೇರಿಸಲ್ಲ."

ಅಂದರೆ ಎರಡು ಬೇಕು. ಒಂದು, ಪಟ್ಟಿ ಇಟ್ಟುಕೊಂಡು ಪರೀಕ್ಷಿಸುವವರು. ಅದು ನೀನು. ಇನ್ನೊಂದು, ಇನ್ನು ಮುಂದೆ ಈ ಡ್ರೈವರ್ ನನ್ನ ಜವಾಬ್ದಾರಿ ಎಂದು ಕರ್ನಲ್‌ನಲ್ಲಿ ಹೆಸರು ಬರೆಸುವವರು. ಅವರು ಯಾರೋ ಗೊತ್ತಿಲ್ಲ. ಗೊಣಗಣ್ಣ ಈಗಾಗಲೇ ಏಳು ಡ್ರೈವರ್‌ಗಳ ಪಾಲಕರು. ಎಂಟನೆಯದು ತಗೊಂಡರೆ ಹೆಂಡತಿ ಮನೆಗೆ ಸೇರಿಸಲ್ಲ ಎಂದರು. ಆದರೆ ಗೊಣಗುತ್ತಲೇ ಡ್ರೈವರನ್ನು ವಾಪಸ್ ಹಾಕಿ, ಎರಡು ಸಾಲು ಬರೆದು, ಒಂದೊಂದು ಪದವನ್ನೂ ನನಗೆ ವಿವರಿಸಿದರು. ಪಟ್ಟಿ ನಲವತ್ತು ಬಿಟ್ಟು ಬೇರೇನೇ ಹೇಳಿದರೂ ಅದನ್ನು ಬಾಗಿಲಿಂದ ಆಚೆ ಅಟ್ಟುವ ಕಾವಲು ಅದು. ಪರೀಕ್ಷೆಯ ಆವೃತ್ತಿಯನ್ನು ಕಳಿಸಿದ್ದೇನೆ. ಅಪ್ಪನ ಕೈಯಲ್ಲಿ ಹಾಕಿಸು. ಪಟ್ಟಿ ಎದ್ದಿತೇ ತಿಳಿಸು. ಎದ್ದರೂ ಏಳದಿದ್ದರೂ ಮುಚ್ಚಿಡಬೇಡ, ಇದು ಪರೀಕ್ಷೆ.

ಗುಮ್ಮಿ

•

ಮಾರ್ಚ್ 20

ಗುಮ್ಮಿ,

ಏಳಲಿಲ್ಲ.

ನಿನ್ನಪ್ಪ ನೀನು ಹೇಳಿದ್ದನ್ನೆಲ್ಲ ಮಾಡಿದ. ನಡುವೆ ಮೂರು ಸಲ ಕನ್ನಡಕ ಹುಡುಕಿದ, ಅದು ಅವನ ತಲೆಯ ಮೇಲಿತ್ತು, ಅದನ್ನೂ ನಾನೇ ಹೇಳಬೇಕಾಯಿತು. ಪಟ್ಟಿ ಒಮ್ಮೆ ಗುರ್ ಎಂದು ನಲವತ್ತೂ ಮನೆಗಳನ್ನು ಎತ್ತಿ ತಕ್ಷಣ ಇಳಿಸಿಬಿಟ್ಟಿತು. ಎಡತುದಿಯ ನಾಲ್ಕೂ ಜೊತೆಗೇ ಇಳಿದವು. ತೆಗೆದು ಮತ್ತೆ ಸಿಕ್ಕಿಸಿದರೂ ಅಷ್ಟೇ. ಬಾಗಿಲು ತೆರೆದು ಮುಖ ನೋಡಿ ದಢಾರನೆ ಹಾಕಿಕೊಂಡಂತೆ.

ಮುಚ್ಚಿಡಬೇಡ ಎಂದಿದ್ದಕ್ಕೆ ಎಲ್ಲ ಬರೆದಿದ್ದೇನೆ. ನೀನು ಇಷ್ಟು ಮಾಡಿದ್ದೇ ಸಾಕು. ಆ ಕೋಣೆಯ ಬಾಗಿಲಲ್ಲಿ ನಿಂತೆಯಲ್ಲ, ನಾನು ನಿಘಂಟು ಮುಗಿಸಿದಷ್ಟೇ ಖುಷಿಪಟ್ಟೆ.

ಅತ್ತೆ

•

ಮಾರ್ಚ್ 22

ಅತ್ತೆ,

ನಿನ್ನ ಕಾಗದದ ಒಂದು ಮಾತು ಹಿಡಿದುಕೊಂಡು ಕೂತಿದ್ದೇನೆ. ನಲವತ್ತೂ ಮನೆಗಳು ಎಂದೆ, ಎಡತುದಿಯ ನಾಲ್ಕೂ ಜೊತೆಗೇ ಎಂದೆ. ಹಾಗಾದರೆ ಆ ನಾಲ್ಕು ನಲವತ್ತರ ಒಳಗೋ, ಹೊರಗೋ? ಪಟ್ಟಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿ ಎಣಿಸಿ ತಕ್ಷಣ ಬರೆ.

ಗುಮ್ಮಿ

•

ಮಾರ್ಚ್ 22, ಮಧ್ಯಾಹ್ನ

ಹೊರಗೆ. ಓದುವ ಮನೆಗಳು ನಲವತ್ತು. ಅದರ ಎಡಕ್ಕೆ ಒಂದು ಸಣ್ಣ ಸಂದು, ಸಂದಿನಾಚೆ ನಾಲ್ಕು. ಒಟ್ಟು ನಲವತ್ತನಾಲ್ಕು. ಅವು ಯಾತಕ್ಕಿವೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಹುಚ್ಚು ಅಕ್ಷರಗಳು ಬರುತ್ತಿದ್ದುದು ಅಲ್ಲೇ.

ಅತ್ತೆ

•

ಮಾರ್ಚ್ 24

ಅತ್ತೆ,

ನಿನ್ನ ಉತ್ತರವನ್ನು ಗೊಣಗಣ್ಣನ ಮೇಜಿನ ಮೇಲಿಟ್ಟೆ. ಓದಿದರು. ಗೊಣಗುವುದನ್ನೇ ನಿಲ್ಲಿಸಿದರು. ಆಮೇಲೆ ಗಹಗಹಿಸಿ ನಕ್ಕರು. ಇಡೀ ಮಹಡಿ ತಿರುಗಿ ನೋಡಿತು.

ನಿನ್ನ ಪಟ್ಟಿ ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು, ನನಗೆ ನಲವತ್ತನಾಲ್ಕು ಮನೆಗಳಿವೆ ಎಂದು. ಡ್ರೈವರ್ ಬರೆದವರ ಬಳಿ ಇದ್ದದ್ದು ಆ ನಾಲ್ಕಿಲ್ಲದ ಮಾದರಿ ಇರಬೇಕು, ಅವರು ಚೀಲಕ್ಕೆ ನಲವತ್ತೇ ತುಂಬಿದರು. ಎಡತುದಿಗೆ ಹೋಗಬೇಕಾದ ಮಿಕ್ಕ ನಾಲ್ಕನ್ನು ಡ್ರೈವರ್ ಪಕ್ಕದವರ ಚೀಲದಿಂದ ತೆಗೆದು ಕೊಡುತ್ತಿತ್ತು. ನಿನ್ನ ಎಡತುದಿಯಲ್ಲಿ ಬಡಬಡಿಸುತ್ತಿದ್ದವರು ಹಳೇ ನೆಂಟರಲ್ಲ ಅತ್ತೆ. ಕಂಪ್ಯೂಟರಿನ ಒಳಗುಟ್ಟುಗಳೇ ನಾಲ್ಕು ನಾಲ್ಕು ಅಕ್ಷರವಾಗಿ ನಿನ್ನ ಬೆರಳ ಪಕ್ಕಕ್ಕೆ ಸೋರುತ್ತಿದ್ದವು. ನಾವು ಈ ಚಳಿಗಾಲದಲ್ಲಿ ಕಂಡುಹಿಡಿದ ತೂತನ್ನು ನೀನು ಇಷ್ಟು ವರ್ಷವೂ ಮುಟ್ಟಿಕೊಂಡೇ ಕೂತಿದ್ದೆ. ಮೊನ್ನೆ ಹಾಕಿದ ನಮ್ಮ ಕಾವಲು ನಿಜ ಹೇಳಿದ ಪಟ್ಟಿಯನ್ನೇ ಸುಳ್ಳುಗಾರನೆಂದು ಹೊರಗಟ್ಟಿತು.

ಈಗ ಚೀಲವನ್ನೇ ನಲವತ್ತನಾಲ್ಕಕ್ಕೆ ಹೊಲಿದಿದ್ದೇವೆ. ಕೊನೆಯ ನಾಲ್ಕಕ್ಕೆ ಖಾಲಿ ಜಾಗ ತುಂಬಿ, ಅದಕ್ಕಿಂತ ಹೆಚ್ಚು ಕೇಳಿದವರನ್ನು ಹೊರಗೆ ಕಳಿಸುತ್ತೇವೆ. ಹೊಲಿದೆವು ಎಂದರೆ, ಆ ಸಾಲನ್ನು ಬರೆದದ್ದು ನಾನು. ಗೊಣಗಣ್ಣ ಕುರ್ಚಿ ಬಿಟ್ಟುಕೊಟ್ಟು ಹಿಂದೆ ನಿಂತಿದ್ದರು. ಎರಡು ಕಡೆ ತಪ್ಪು ಬರೆದೆ, ಎರಡೂ ಕಡೆ ಅವರು ಗಂಟಲು ಸರಿಮಾಡಿಕೊಂಡರು.

ಅಪ್ಪನಿಗೆ ಕನ್ನಡಕ ಹಾಕಿಕೊಂಡೇ ಬರಲು ಹೇಳು.

ಗುಮ್ಮಿ

•

ಮಾರ್ಚ್ 27

ಗುಮ್ಮಿ,

ಎದ್ದಿತು.

ನಿನ್ನ ಕಾಗದವನ್ನು ಮತ್ತೆ ಮೊದಲಿನಿಂದ ಓದಿದೆ, ಬೆರಳಿನಲ್ಲಿ. ಆಮೇಲೆ ನಿಘಂಟು. ಮೊದಲು ಸಿಕ್ಕ ಪದ ದಬ್ಬಳ. 'ಗೋಣಿ ಹೊಲಿಯುವ ದೊಡ್ಡ ಸುಜಿ' ಎಂದಿತ್ತು. ದೀರ್ಘ ಹಾಕಿದೆ. ಅಷ್ಟು ಸಂತೋಷದಿಂದ ಯಾವ ತಪ್ಪನ್ನೂ ತಿದ್ದಿರಲಿಲ್ಲ.

ನಾಲ್ಕು ಮನೆಗಳು ಸುಮ್ಮನಾಗಿವೆ. ಪಕ್ಕದ ಮನೆಯವರು ಊರು ಬಿಟ್ಟಂತೆ. ನಾಲ್ಕಾರು ಸಲ ಕೈ ಅತ್ತ ಹೋಯಿತು, ಅಭ್ಯಾಸ. ಇಷ್ಟು ವರ್ಷ ಅವು ಏನೇನು ಗುಟ್ಟು ಹೇಳಿದವೋ, ನಾನು ಕಿವಿಗೊಡಲಿಲ್ಲ. ನಿನ್ನಪ್ಪನ ಜೊತೆ ಬೆಳೆದವಳಿಗೆ ಅದು ಕಷ್ಟವೇನಲ್ಲ.

ಇದು ಪರೀಕ್ಷೆಯ ಆವೃತ್ತಿ, ಎಲ್ಲರ ಕರ್ನಲ್‌ಗೂ ಸೇರದಿದ್ದರೆ ಮುಂದಿನ ಸಲ ಹೊಸದು ಬಂದಾಗ ಮತ್ತೆ ಸಾಯುತ್ತದೆ ಎಂದು ನಿನ್ನಪ್ಪನಿಗೆ ಹೇಳಿದೆಯಂತೆ. ನನಗೂ ನೇರವಾಗಿ ಹೇಳಬಹುದಿತ್ತು. ಯಜಮಾನರಿಗೆ ಇನ್ನೊಂದು ತಿಂಗಳು ಕಾಯಿರಿ ಎಂದಿದ್ದೇನೆ. ಹೂಂ ಎಂದರು. ಪಾಲಕರು ಯಾರಾದರೂ ಸಿಕ್ಕರೇ?

ಅತ್ತೆ

•

ಏಪ್ರಿಲ್ 3

ಪ್ರೀತಿಯ ಅತ್ತೆ,

ಇವತ್ತು ಬೆಳಿಗ್ಗೆ ತಗಡನ್ನು ವಾಪಸ್ ಹಾಕಿದ್ದಾರೆ. ಸರಿಯಾಗಿದೆ, ಎರಡು ಸಲ ಓದಿದೆ. ಹಿಂದೆ ನಿಂತಿದ್ದವರೊಬ್ಬರು ಏನು ಮಾಡ್ತಿದೀರಿ ಎಂದರು. ನಾಲ್ಕು ಅಂತ ಬರೆದಿದೆ ಎಂದೆ. ಅವರೂ ಬೆರಳಿಟ್ಟು ನೋಡಿದರು.

ತಿದ್ದುಪಡಿ ಸಿದ್ಧವಾಗಿದೆ. ಗೊಣಗಣ್ಣ ನೋಡಿದರು, ಮೇಡಂ ನೋಡಿದರು. ಟಿಪ್ಪಣಿಯನ್ನು ನಾನು ಮತ್ತೆ ಬರೆದೆ. ಈ ಸಲ ಲಯದ ಕಡೆ ಗಮನ ಕೊಡಲಿಲ್ಲ. 'ಈ ಪಟ್ಟಿಯನ್ನು ಬಳಸುವವರು ಉಳಿದಿಲ್ಲ ಎಂದು ಹಿಂದಿನ ಟಿಪ್ಪಣಿಯಲ್ಲಿ ಬರೆದದ್ದು ತಪ್ಪು. ಬಳಸುವವರು ಇದ್ದಾರೆ' ಎಂದಷ್ಟೇ ಇದೆ. ಟಿಪ್ಪಣಿಯ ಕೆಳಗೆ 'ಪರೀಕ್ಷಿಸಿದವರು' ಎಂದು ಒಂದು ಸಾಲು ಇಡುವ ಪದ್ಧತಿ ಇದೆ. ಅಲ್ಲಿ ನಿನ್ನ ಹೆಸರು ಹಾಕಿದ್ದೇನೆ. ಕರ್ನಲ್ ಇರುವವರೆಗೂ ಆ ಸಾಲು ಇರುತ್ತದೆ. ಅಪ್ಪನಿಗೆ ಹೇಳು, ಈಗ ಕರ್ನಲ್ ಜೊತೆ ಸಂಬಂಧ ಇರುವುದು ನನಗಿಂತ ನಿನಗೆ ಎಂದು.

ಪಾಲಕರು ಯಾರೂ ಸಿಗಲಿಲ್ಲ. ಮೂವರನ್ನು ಕೇಳಿದೆ, ಮೂವರಿಗೂ ಕೈತುಂಬ ಕೆಲಸ. ಮೇಡಂ ಇವತ್ತು ನನ್ನ ಮೇಜಿನ ಬಳಿ ನಿಂತು, ಹೆಸರು ಸಿಕ್ಕಿತಾ ಎಂದು ಕೇಳಿದರು. ನಾಳೆ ಹೇಳುತ್ತೇನೆ ಎಂದೆ. ಅವರು ತಲೆಯಾಡಿಸಿ ಹೋದರು.

ಪಾಲಕರಾದವರಿಗೆ ಅಪರಿಚಿತರು ಬರೆಯುತ್ತಾರೆ. ಅಂಚೆಗುಂಪಿನಲ್ಲಿ ಎಲ್ಲರೆದುರು ಉತ್ತರ ಕೊಡಬೇಕು. ತಪ್ಪಾದರೆ ಎಲ್ಲರೆದುರೇ ಬೈಸಿಕೊಳ್ಳಬೇಕು. ಇನ್ನೊಂದು ತೂತು ಬಂದರೆ ಮೊದಲು ಆ ಹೆಸರನ್ನೇ ಕರೆಯುತ್ತಾರೆ. ಡ್ರೈವರ್‌ನಲ್ಲಿ ಒಟ್ಟು ಆರುನೂರು ಸಾಲುಗಳಿವೆ. ಅದರಲ್ಲಿ ಅರ್ಧದಷ್ಟು ನನಗೆ ಈಗ ಓದಲು ಬರುತ್ತದೆ. ಮಿಕ್ಕದ್ದನ್ನು, ನಿನ್ನ ಮೇಜಿನ ಕೆಳಗೆ ಕೂತು ಕಲಿತ ಹಾಗೆ, ಒಂದೊಂದೇ ಚುಕ್ಕಿ ಮುಟ್ಟಿ ಕಲಿಯಬೇಕು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಎದ್ದು ಹೋದ ಮೇಲೆ ಆ ಕಡತ ತೆರೆದೆ. 'ಪಾಲಕರು' ಎಂಬುದರ ಮುಂದೆ ಜಾಗ ಖಾಲಿಯಿತ್ತು. ಅಲ್ಲಿ ನನ್ನ ಹೆಸರು ಬರೆದಿದ್ದೇನೆ. ಇನ್ನೂ ಯಾರಿಗೂ ಹೇಳಿಲ್ಲ. ನಾಳೆ ಬೆಳಿಗ್ಗೆ ಲಿಫ್ಟಿನಿಂದ ಇಳಿದ ಕೂಡಲೇ ಕಳಿಸುತ್ತೇನೆ.

ನಿನ್ನ
ಗುಮ್ಮಿ